ಫಿಲ್ಟರ್ ಕಾಫಿಗೆ ಸಕ್ಕರೆ ಕಮ್ಮಿ ಮಾಡೋದು ಹೇಗೆ?

ಪ್ರಶ್ನೆ (ಹಾಸನ): ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಮ್ಮೆಲೇ ಬಿಟ್ರೆ ಬರೀ ಕಹಿ. ಬದಲಿಗೆ ಬೆಲ್ಲ ಹಾಕಬಹುದಾ?

ತೋಟದಮನೆ, ಚಿಕ್ಕಮಗಳೂರು: ಮೊದಲು ಲೆಕ್ಕ ನೋಡಿ. ಮಟ್ಟಸವಾದ ಒಂದು ಟೀ ಚಮಚ ಸುಮಾರು 4 ಗ್ರಾಂ. ಅಲ್ಲಿಗೆ ಕಾಫಿಯಲ್ಲೇ 32 ಗ್ರಾಂ ಆಯ್ತು. ಸೇರಿಸಿಕೊಳ್ಳೋ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರ ಒಳಗಿದ್ರೆ ಇನ್ನೂ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೋಟಕ್ಕೆ ಅರ್ಧ ಚಮಚ ಇಳಿಸಿ, ಹತ್ತು ದಿನ ಅಲ್ಲೇ ನಿಲ್ಲಿ, ನಾಲಿಗೆ ಒಗ್ಗಿದ ಮೇಲೆ ಮತ್ತೆ ಅರ್ಧ. ಚಮಚ ಉಬ್ಬಾಗಿ ತುಂಬಬೇಡಿ, ಎಲ್ಲರೂ ಮೋಸ ಹೋಗೋದು ಅಲ್ಲೇ. ಬೆಲ್ಲವೂ ಬಹುಪಾಲು ಸುಕ್ರೋಸೇ (ಸಕ್ಕರೆಯಲ್ಲಿರೋದೂ ಅದೇ), ಲೆಕ್ಕದಿಂದ ತಪ್ಪಿಸಿಕೊಳ್ಳಲ್ಲ. ಕುದಿಯೋ ಹಾಲಿಗೆ ಹಾಕಿದ್ರೆ ಹಾಲು ಒಡೆಯೋದೂ ಉಂಟು.

ಡಿಕಾಕ್ಷನ್‌ಪ್ರಿಯ: ಕಹಿಗೆ ಮದ್ದು ಪುಡಿಯಲ್ಲೇ ಇದೆ. ಚಿಕೋರಿ (ಪುಡಿಗೆ ಬೆರೆಸೋ ಹುರಿದ ಬೇರು) 30 ಪರ್ಸೆಂಟ್ ಇದ್ರೆ 10ಕ್ಕೆ ಇಳಿಸಿ. ಕಾಫಿ ಬೀಜದಲ್ಲಿ ರೋಬಸ್ಟಾ ತಳಿ ಕಮ್ಮಿ, ಅರೇಬಿಕಾ ಜಾಸ್ತಿ, ಹುರಿದದ್ದು ತೀರಾ ಕಪ್ಪಗಿರಬಾರದು. ನೀರು ಕುದಿ ಬಂದು ಅರ್ಧ ನಿಮಿಷ ಬಿಟ್ಟು ಫಿಲ್ಟರಿಗೆ ಹಾಕಿ. ಇಳಿದ ಡಿಕಾಕ್ಷನ್ ಮತ್ತೆ ಕುದಿಸಲೇಬೇಡಿ, ಹಾಲು ಮಾತ್ರ ಕಾಯಿಸಿ. ಬೆಳಗ್ಗೆಯದನ್ನೇ ಸಂಜೆ ಬಿಸಿ ಮಾಡಿ ಕುಡಿದರೆ ಎರಡು ಚಮಚವೂ ಸಾಲದು!

ಅಕ್ಕಿರೊಟ್ಟಿ: ಜೊತೆಗೆ ಅದ್ದಿಕೊಳ್ಳೋ ಬಿಸ್ಕತ್ತು, ರಸ್ಕ್ ಮರೀಬೇಡಿ, ಅದರಲ್ಲೂ ಸಕ್ಕರೆ ಇದೆ. ಹುರಿಗಡಲೆ ಸಾಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ ಡಾಕ್ಟರಿಗೆ ಹೇಳಿಯೇ ಸಕ್ಕರೆ ಇಳಿಸಿ.