‘ಪ್ಲೀಡ್ ಇಗ್ನೊರೆನ್ಸ್’ಗೆ ಕನ್ನಡ: ‘ಅಜ್ಞಾನ’ ಬೇಡ

‘ಪ್ಲೀಡ್ ಇಗ್ನೊರೆನ್ಸ್’, ಅಂದರೆ ಗೊತ್ತಿರಲಿಲ್ಲವೆಂದು ವಾದಿಸುವುದು, ಕಾನೂನಿನ ಮುಂದೆ ನಡೆಯದು ಎಂಬುದನ್ನು ಫಲಕದಲ್ಲಿ ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ಕೇಳಿದ್ದೀರಿ. ಫಲಕ ಇಂದು ಸಂಜೆಯೇ ಅಚ್ಚಿಗೆ ಹೋಗಬೇಕೆಂದಿದ್ದೀರಿ, ಹಾಗಾಗಿ ಮೊದಲು ಉತ್ತರ: ‘ಕಾನೂನು ಗೊತ್ತಿರಲಿಲ್ಲ ಎಂದರೆ ಶಿಕ್ಷೆ ತಪ್ಪದು.’ ಇಷ್ಟೇ ಬರೆಯಿರಿ. ‘ಕಾನೂನಿನ ಅಜ್ಞಾನವು ಕ್ಷಮಾರ್ಹವಲ್ಲ’ ಎಂಬುದನ್ನು ದಯವಿಟ್ಟು ಕೈಬಿಡಿ.

ಇಂಗ್ಲಿಷಿನಲ್ಲಿ ಇಗ್ನೊರೆನ್ಸ್ (ತಿಳಿಯದಿರುವಿಕೆ) ಎಂಬ ನಾಮಪದ ಗೂಟದಂತೆ ನಿಂತಿರುತ್ತದೆ. ಪ್ಲೀಡ್ (ವಾದಿಸು), ಫೀನ್ (ನಟಿಸು), ಟೋಟಲ್ (ಪೂರ್ತಿ), ಬ್ಲಿಸ್‌ಫುಲ್ (ನೆಮ್ಮದಿಯ) ಎಲ್ಲವನ್ನೂ ಅದಕ್ಕೇ ಕಟ್ಟುತ್ತಾರೆ. ಕನ್ನಡ ಈ ಕೆಲಸವನ್ನು ಕ್ರಿಯಾಪದಕ್ಕೆ ಒಪ್ಪಿಸಿದೆ. ‘ಅರಿಯೆ’ ಎಂದರೆ ವಾಕ್ಯವೇ ಮುಗಿಯಿತು. ಕರ್ತೃ, ಕ್ರಿಯೆ, ನಿಷೇಧ ಮೂರೂ ಅದರೊಳಗಿವೆ. ಫೀನ್ ಇಗ್ನೊರೆನ್ಸ್‌ಗೆ ‘ಅಜ್ಞಾನವನ್ನು ನಟಿಸು’ ಎಂದು ಈ ಚರ್ಚೆಯಲ್ಲಿ ಒಬ್ಬರು ಸೂಚಿಸಿದ್ದಾರೆ. ಯಾವ ಊರಿನಲ್ಲಿ ಹಾಗೆನ್ನುತ್ತಾರೆ? ‘ಏನೂ ಅರಿಯದವನಂತೆ ಕುಳಿತಿದ್ದ’ ಎನ್ನುತ್ತೇವೆ. ಮೊನಚು ಬೇಕಾದರೆ ಜಾಣಗುರುಡು, ಜಾಣಕಿವುಡು, ಜಾಣಮರೆವು ಇವೆ: ಕಂಡೂ ಕಾಣದಿರುವುದಕ್ಕೊಂದು, ಕೇಳಿಯೂ ಕೇಳದಿರುವುದಕ್ಕೊಂದು, ನೆನಪಿದ್ದೂ ಮರೆಯುವುದಕ್ಕೊಂದು. ಟೋಟಲ್ ಇಗ್ನೊರೆನ್ಸ್ ಎಂಬಲ್ಲಿ ‘ಅದರ ಗಂಧಗಾಳಿಯೂ ಇಲ್ಲ’. ಬ್ಲಿಸ್‌ಫುಲ್‌ಗೆ ‘ತಿಳಿಯದೆ ನೆಮ್ಮದಿಯಾಗಿದ್ದ’ ಸಾಕು.

‘ಅಜ್ಞಾನ’ ನಮ್ಮಲ್ಲಿ ಬರಿಯ ತಿಳಿಯದಿರುವಿಕೆಯಲ್ಲ, ಅದೊಂದು ಬೈಗುಳ. ಕಚೇರಿಯೊಂದರ ಗೋಡೆಯ ಮೇಲಿದ್ದ ಇಂಥದೇ ಫಲಕವನ್ನು ವೃದ್ಧರೊಬ್ಬರು ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದರು. ‘ಜ್ಞಾ’ ಬಂದಲ್ಲಿ ಬೆರಳು ನಿಂತಿತು. ಓದಿ ಮುಗಿಸಿ ನನ್ನತ್ತ ತಿರುಗಿ, ‘ಇದು ನಮ್ಮನ್ನು ಬೈದದ್ದೇ?’ ಎಂದು ಕೇಳಿದರು. ಕಾನೂನು ಕೂಡ ಅಷ್ಟು ಒರಟಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 14 ಮತ್ತು 17ನೆಯ ಕಲಮುಗಳು ಸಂಗತಿಯನ್ನು ತಪ್ಪಾಗಿ ತಿಳಿದವನಿಗೆ ರಕ್ಷಣೆ ಕೊಡುತ್ತವೆ, ಕಾನೂನನ್ನೇ ತಪ್ಪಾಗಿ ತಿಳಿದವನಿಗೆ ಕೊಡುವುದಿಲ್ಲ. ಅಲ್ಲಿ ತಪ್ಪು ತಿಳಿವಳಿಕೆಯ ಮಾತಿದೆ, ಅಜ್ಞಾನದ್ದಲ್ಲ.

ಇನ್ನು, ಸಂಸ್ಕೃತದ್ದೆಂಬ ಕಾರಣಕ್ಕೆ ‘ಅಜ್ಞಾನ’ವನ್ನು ಅಟ್ಟಿ ‘ಅರಿವುಗೇಡಿತನ’ವನ್ನು ಕೂರಿಸಿ ಎಂದವರಿಗೆ: ಅದೂ ಬೈಗುಳವೇ. ‘ಕಾನೂನು’ ಅರಬ್ಬಿಯಿಂದ ಬಂದದ್ದು. ಆ ವೃದ್ಧರು ಅದನ್ನು ತಡೆಯಿಲ್ಲದೆ ಓದಿದರು. ಜಾಣಗುರುಡಿನ ‘ಜಾಣ’ ಕೂಡ ಸಂಸ್ಕೃತದ ‘ಜ್ಞಾ’ ಧಾತುವಿನಿಂದಲೇ ಬಂದ ತದ್ಭವ. ಇಗ್ನೊರೆನ್ಸ್‌ನ ಹೊಟ್ಟೆಯಲ್ಲಿರುವ ‘ಗ್ನೊ’ ಸಹ ಅದೇ ‘ಜ್ಞಾ’ ಧಾತುವಿನ ದಾಯಾದಿ. ಬೇರು ನೋಡಿ ಪದಗಳನ್ನು ಹೊರಗೆ ಹಾಕುತ್ತ ಹೋದರೆ ಜಾಣಗುರುಡನ್ನೂ ಕಳೆದುಕೊಳ್ಳಬೇಕು. ಅದಕ್ಕೆ ನಾನು ಒಪ್ಪುವುದಿಲ್ಲ.