ಬಿಸಿಯಾದ ಮೇಲೆ ನಿಂತುಬಿಡುವ ಹಳೆಯ ಕಾರು: ದೋಷ ಹುಡುಕಿದವರ ಅನುಭವ ಬೇಕಾಗಿದೆ

ಪ್ರಶ್ನೆ

ಆರು ತಿಂಗಳ ಹಿಂದೆ 14 ವರ್ಷ ಹಳೆಯ, 1,60,000 ಕಿಲೋಮೀಟರ್ ಓಡಿದ ಪೆಟ್ರೋಲ್ ಕಾರೊಂದನ್ನು ಕೊಂಡೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಮುಕ್ಕಾಲು ಗಂಟೆ ಓಡಿದ ಮೇಲೆ, ಅದರಲ್ಲೂ ವಾಹನಗಳ ಸಾಲಿನಲ್ಲಿ ನಿಂತು ನಿಂತು ಸಾಗುವಾಗ, ಎಂಜಿನ್ ತಾನಾಗಿಯೇ ಆಫ್ ಆಗುತ್ತದೆ; ಆಗ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ತಾಪಮಾನದ ಮುಳ್ಳು ಅರ್ಧಕ್ಕಿಂತ ತುಸು ಮೇಲಿರುತ್ತದೆ, ಕೆಂಪು ಗೆರೆಯನ್ನು ಮುಟ್ಟಿಲ್ಲ. ಎಂಜಿನ್ ಎಚ್ಚರಿಕೆ ದೀಪ ಒಮ್ಮೆಯೂ ಹೊತ್ತಿಲ್ಲ. ಒಬ್ಬ ಮೆಕ್ಯಾನಿಕ್ ಫ್ಯೂಯಲ್ ಪಂಪ್ ಹೋಗಿದೆ ಎಂದರು, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಎಂದರು. ಇಬ್ಬರೂ ಏನನ್ನೂ ಅಳೆದು ನೋಡಲಿಲ್ಲ. ಇಂಥ ತೊಂದರೆಯನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಒಂದನೆಯ ಉತ್ತರ

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ನನ್ನ ಹನ್ನೊಂದು ವಾರಗಳು ಕಣ್ಣ ಮುಂದೆ ಬಂದವು. ನನ್ನ ಗಾಡಿ ಆ ಹನ್ನೊಂದು ವಾರಗಳಲ್ಲಿ ಹದಿನೇಳು ಸಲ ರಸ್ತೆಯ ನಡುವೆ ನಿಂತಿತ್ತು. ಪ್ರತಿಯೊಂದನ್ನೂ ದಿನಾಂಕ, ಓಡಿದ ದೂರ, ತಣಿಯಲು ಹಿಡಿದ ಸಮಯದ ಸಮೇತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮೊದಲು ಫ್ಯೂಯಲ್ ಪಂಪ್ ಬದಲಿಸಿದರು, ಮರುವಾರವೇ ನಿಂತಿತು. ಪಂಪಿನೊಂದಿಗೆ ಫಿಲ್ಟರನ್ನೂ ಹಾಕಬೇಕಿತ್ತು ಎಂದು ಫಿಲ್ಟರ್ ಹಾಕಿದರು. ಆಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್, ನಾಲ್ಕು ಇಗ್ನಿಷನ್ ಕಾಯಿಲ್, ಕೊನೆಗೆ ಚೆನ್ನಾಗಿಯೇ ಇದ್ದ ಬ್ಯಾಟರಿ. ಕಾರಿಗೆ ಕೊಟ್ಟ ಬೆಲೆಯ ಮೂರನೇ ಒಂದು ಭಾಗ ಹೀಗೆ ಹೋಯಿತು, ಮತ್ತು ಬಿಚ್ಚಿದ ಹಳೆಯ ಭಾಗಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಕೆಟ್ಟದ್ದು, ಎಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಅದರೊಳಗೆ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಕಾದು ತಣಿದು ಎಲ್ಲೋ ಒಂದೆಡೆ ಬಿರುಕು ಬಿಟ್ಟರೆ, ಬಿಸಿಯಲ್ಲಿ ಹಿಗ್ಗಿದಾಗ ತಂತಿ ಬೇರ್ಪಡುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಕಂಪ್ಯೂಟರಿಗೆ ತಲುಪದಿದ್ದ ಮೇಲೆ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಸಿಂಪಡಿಸುವುದಿಲ್ಲ. ನಾನು ಮೀಟರ್ ಹಿಡಿದಾಗ ತಣ್ಣಗಿದ್ದ ಸೆನ್ಸರ್ 860 ಓಮ್ ತೋರಿಸಿತು. ಗಾಡಿ ನಿಂತ ಜಾಗದಲ್ಲೇ, ಕೈ ಸುಟ್ಟುಕೊಂಡು ಅಳೆದಾಗ, ಏನನ್ನೂ ತೋರಿಸಲಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗುತ್ತದೆಯೇ ಎಂಬುದಷ್ಟನ್ನು ಯಾರಾದರೂ ಮೊದಲ ದಿನವೇ ನೋಡಿದ್ದರೆ ಉಳಿದದ್ದೆಲ್ಲವೂ ತಪ್ಪುತ್ತಿತ್ತು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದವರಿಗೂ ಒಂದೇ ಒಂದು ದೋಷದ ಕೋಡ್ ಸಿಕ್ಕಿರಲಿಲ್ಲ. ಆ ಯಂತ್ರವನ್ನು ನಂಬಿ ಕುಳಿತುಕೊಳ್ಳಬೇಡಿ.

ಎರಡನೆಯ ಉತ್ತರ

ಮೇಲಿನವರು ಅದೃಷ್ಟವಂತರು. ಬಿಸಿಯಾದಾಗ ನಿಲ್ಲುವ ಗಾಡಿಗೆ ಸೆನ್ಸರ್ ಬದಲಿಸಿ ಎಂದು ಹೇಳುವವರ ಮಾತನ್ನು ಕೇಳಿಯೇ ನಾನು ಒಂದು ಒಳ್ಳೆಯ ಎಂಜಿನನ್ನು ಕಳೆದುಕೊಂಡೆ. ಮುಳ್ಳು ಅರ್ಧಕ್ಕಿಂತ ಮೇಲಿದೆ ಎಂದು ಇವರು ಸ್ಪಷ್ಟವಾಗಿ ಬರೆದಿದ್ದಾರೆ. ಅದನ್ನು ಯಾರೂ ಓದಲಿಲ್ಲವೇ?

ನನ್ನ ಕಾರಿನಲ್ಲಿ ವಾರಕ್ಕೆ ಒಂದು ಬೆರಳಿನಷ್ಟು ಕೂಲಂಟ್ ಇಳಿಯುತ್ತಿತ್ತು. ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಗ್ಯಾರೇಜಿನವರು ಬರಿಯ ನೀರು ತುಂಬಿಸಿ ಕಳಿಸಿದರು, ಎರಡನೇ ಸಲ ಹೋದಾಗ ಥರ್ಮೋಸ್ಟಾಟನ್ನೇ ಕಿತ್ತು ತೆಗೆದು ಇನ್ನು ಬಿಸಿಯಾಗುವುದಿಲ್ಲ ಎಂದರು. ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಂಡು ಎಂಜಿನನ್ನು ಸರಿಯಾದ ಬಿಸಿಯಲ್ಲಿಡುವ ಭಾಗವದು. ಅದನ್ನು ತೆಗೆದುಹಾಕಿದ್ದರಿಂದ ದೋಷ ಹೋಗಲಿಲ್ಲ, ದೋಷವನ್ನು ತೋರಿಸುತ್ತಿದ್ದ ಮುಳ್ಳು ಮಾತ್ರ ಕೆಳಗಿಳಿಯಿತು. ಎರಡು ತಿಂಗಳ ನಂತರ ಒಂದು ಏರುದಾರಿಯಲ್ಲಿ ಬಿಳಿ ಹೊಗೆ ಕಾರಿತು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದಾಗ ಒಂದು ಮತ್ತು ಎರಡನೆಯ ಸಿಲಿಂಡರಿನಲ್ಲಿ 12 ಬಾರ್, ಮೂರರಲ್ಲಿ 7, ನಾಲ್ಕರಲ್ಲಿ 6.5. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಇಳಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹರಿದಿದೆ ಎಂದು ಮೊದಲು ಅನುಮಾನಿಸಬೇಕು, ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಹೆಡ್ ಇಳಿಸಿದರು. ಸೊಟ್ಟಗಾಗಿದ್ದ ಹೆಡ್ಡನ್ನು ಫೇಸಿಂಗ್ ಮಾಡಿಸಿ ಸಮತಟ್ಟಾಗಿಸಿದರು. ಹೊಸ ಗ್ಯಾಸ್ಕೆಟ್ ಹಾಕಿ, ಹಳೆಯ ಬೋಲ್ಟುಗಳನ್ನೇ ಬಿಗಿದರು. ಒಮ್ಮೆ ಬಿಗಿದ ಮೇಲೆ ಮರಳಿ ಬಳಸಬಾರದ ಬೋಲ್ಟುಗಳವು ಎಂದು ನಾನು ಕೈಪಿಡಿಯ ಪುಟ ತೋರಿಸಿದರೂ ಕೇಳಲಿಲ್ಲ. ಮೂರು ತಿಂಗಳಿಗೆ ಮತ್ತೆ ಅದೇ ಹೊಗೆ. ಎರಡನೇ ಸಲ ಬಿಚ್ಚಿದಾಗ ಬ್ಲಾಕಿನಲ್ಲೇ ಬಿರುಕು ಕಂಡಿತು. ದುರಸ್ತಿಗೆ ಸುರಿದದ್ದು ಕಾರಿನ ಬೆಲೆಯನ್ನು ಮೀರಿತ್ತು. ಗುಜರಿಗೆ ಕೊಟ್ಟಾಗ ಬಂದದ್ದು ನಾಲ್ಕು ಹೊಸ ಟೈರುಗಳಿಗೂ ಸಾಲದಷ್ಟು, ಅದೂ ಆ ಟೈರುಗಳನ್ನು ಹಾಕಿಸಿ ತಿಂಗಳೂ ಆಗಿರಲಿಲ್ಲ. ಗ್ಯಾಸ್ಕೆಟ್ ಮಾತು ಬಂದ ದಿನವೇ ಮಾರಿಬಿಡಿ.

ಮೂರನೆಯ ಉತ್ತರ

ನಾನು ನನ್ನ ಕಾರಿನ ಕೆಲಸವನ್ನು ನಾನೇ ಮಾಡಿಕೊಳ್ಳುವವಳು. ಸ್ಕ್ಯಾನರನ್ನು ನಂಬಬೇಡಿ ಎಂದು ಒಂದನೆಯ ಉತ್ತರದಲ್ಲಿ ಬರೆದಿರುವುದನ್ನು ಒಪ್ಪಲಾರೆ. ಕೋಡ್ ಇಲ್ಲ ಎಂದರೆ ಸ್ಕ್ಯಾನರ್ ಸುಮ್ಮನಿದೆ ಎಂದಲ್ಲ, ನೋಡುವವರು ಕೋಡ್ ಪುಟವನ್ನು ದಾಟಿ ಮುಂದೆ ಹೋಗಲಿಲ್ಲ ಎಂದರ್ಥ.

ನನ್ನದೂ ಬಿಸಿಯಾದ ಮೇಲೆ ನಿಂತಲ್ಲೇ ನಡುಗಿ ಆಫ್ ಆಗುತ್ತಿದ್ದ ಗಾಡಿ, ದೀಪ ಹೊತ್ತುತ್ತಿರಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಫ್ಯೂಯಲ್ ಟ್ರಿಮ್ ಅಂಕಿಗಳನ್ನು (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡುತ್ತ ಕುಳಿತೆ. ತಣ್ಣಗಿದ್ದಾಗ ಸರಿಯಾಗಿಯೇ ಇದ್ದದ್ದು, ಬಿಸಿಯಾದ ಮೇಲೆ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದಿದ್ದಾಗ) +22 ಪ್ರತಿಶತ. 2500 ಆರ್‌ಪಿಎಂಗೆ ಏರಿಸಿದರೆ +4. ಐಡಲಿನಲ್ಲಿ ಹೆಚ್ಚಿದ್ದು ವೇಗದಲ್ಲಿ ಇಳಿಯುತ್ತದೆಂದರೆ ಎಲ್ಲಿಂದಲೋ ಅಳತೆಗೆ ಸಿಗದ ಗಾಳಿ ಒಳಹೋಗುತ್ತಿದೆ. ಅದೇ ಭಾರ ಬಿದ್ದಂತೆ ಅಂಕಿ ಏರಿದರೆ ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಮ್ಯಾನಿಫೋಲ್ಡಿನ ಹಿಂಬದಿಯಲ್ಲಿ, ಕಣ್ಣಿಗೂ ಕೈಗೂ ಸಿಗದ ಜಾಗದಲ್ಲಿ, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಕೆಳಮೈಯಲ್ಲಿ ಸೀಳಿತ್ತು. ರಬ್ಬರ್ ಬಿಸಿಯಾಗಿ ಮೆತ್ತಗಾದಾಗ ಸೀಳು ಬಾಯಿ ಬಿಡುತ್ತಿತ್ತು. ಒಂದೂವರೆ ಗೇಣು ಪೈಪು, ಎರಡು ಕ್ಲಿಪ್ಪು, ಎರಡು ಭಾನುವಾರಗಳು: ಇಷ್ಟೇ ನನ್ನ ಖರ್ಚು. ಅದಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ಇಡೀ ಥ್ರಾಟಲ್ ಬಾಡಿಯನ್ನು ಬದಲಿಸಬೇಕೆಂದು ಬರೆದುಕೊಟ್ಟಿದ್ದ ಚೀಟಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. 860 ಓಮ್ ಎಂಬ ಅಂಕಿಯನ್ನು ಯಾರೂ ತಮ್ಮ ಗಾಡಿಗೆ ಹಚ್ಚಿ ನೋಡಬಾರದು. ಮೂರು ತಂತಿಯ ಹಾಲ್ ಮಾದರಿಯ (ಸುರುಳಿಯ ಬದಲು ಕಾಂತಕ್ಷೇತ್ರವನ್ನು ಗುರುತಿಸುವ ಚಿಪ್ ಇರುವ) ಸೆನ್ಸರಿನ ಮೇಲೆ ಓಮ್ ಅಳತೆಯಿಂದ ಏನೂ ತಿಳಿಯುವುದಿಲ್ಲ; ಅದರ ಸಿಗ್ನಲ್ ತಂತಿಯಲ್ಲಿ ವೋಲ್ಟೇಜ್ ಏರಿಳಿಯುತ್ತದೆಯೇ ಎಂದೇ ನೋಡಬೇಕು. ಇದನ್ನು ಹೇಳದೆ ಅಂಕಿ ಬರೆಯುವುದು ಜವಾಬ್ದಾರಿಯಲ್ಲ.

ಒಂದನೆಯ ಉತ್ತರ ಬರೆದವರು

ನನ್ನ ಸೆನ್ಸರ್ ಎರಡು ತಂತಿಯದಾಗಿತ್ತು, ಅಳತೆ ಸರಿಯಾಗಿಯೇ ಇತ್ತು. ಹದಿನೇಳು ಸಲ ರಸ್ತೆಯಲ್ಲಿ ನಿಂತವನಿಗೆ ಜವಾಬ್ದಾರಿಯ ಪಾಠ ಬೇಕಿಲ್ಲ, ಮೇಡಂ. ನಿಮ್ಮ ಟ್ರಿಮ್ ಅಂಕಿಗಳೆಲ್ಲವೂ ಎಂಜಿನ್ ಓಡುತ್ತಿದ್ದರೆ ಮಾತ್ರ ಸಿಗುವಂಥವು. ನಿಂತುಹೋದ ಗಾಡಿಯಲ್ಲಿ ಏನನ್ನು ನೋಡುತ್ತೀರಿ?

ಮೂರನೆಯ ಉತ್ತರ ಬರೆದವರು

ಸೆಲ್ಫ್ ಹೊಡೆಯುವಾಗ ಅದೇ ಸ್ಕ್ಯಾನರಿನಲ್ಲಿ ಆರ್‌ಪಿಎಂ ಅಂಕಿಯನ್ನು ನೋಡುತ್ತೇನೆ. ನೀವು ಮುಳ್ಳಿನಲ್ಲಿ ನೋಡಬೇಕಿತ್ತೆಂದು ಹೇಳಿದ್ದೂ ಅದನ್ನೇ.

ನಾಲ್ಕನೆಯ ಉತ್ತರ

ಮೂವತ್ತು ವರ್ಷ ಗ್ಯಾರೇಜ್ ನಡೆಸಿ ಈಗ ವಿಶ್ರಾಂತಿಯಲ್ಲಿದ್ದೇನೆ. ಇಲ್ಲಿ ಬರೆದವರೆಲ್ಲರೂ ಮೆಕ್ಯಾನಿಕ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿರುವುದರಿಂದ ಉತ್ತರಿಸಬೇಕಾಗಿದೆ. ಬಿಸಿಯಾದಾಗ ಮಾತ್ರ ಬರುವ ದೋಷವನ್ನು ಹಿಡಿಯಬೇಕಾದರೆ ಗಾಡಿಯನ್ನು ಬಿಸಿ ಮಾಡಬೇಕು, ನಿಲ್ಲುವ ತನಕ ಕಾಯಬೇಕು, ನಿಂತ ಕ್ಷಣದಲ್ಲಿ ಮೀಟರ್ ಕೈಯಲ್ಲಿರಬೇಕು. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನಕ್ಕೆ ಕೂಲಿ ಕೇಳಿದರೆ, ಏನೂ ಬದಲಿಸದೆ ದುಡ್ಡು ಯಾವುದಕ್ಕೆ ಎನ್ನುವ ಗಿರಾಕಿಯೇ ಪಂಪ್ ಬದಲಿಸಿದರೆ ಮಾತಾಡದೆ ಕೊಟ್ಟು ಹೋಗುತ್ತಾನೆ. ಹುಡುಕುವ ಕೆಲಸಕ್ಕೆ ಕೂಲಿ ಕೊಡದವರು ಭಾಗಗಳನ್ನು ಕೊಳ್ಳುತ್ತಲೇ ಇರುತ್ತಾರೆ.

ನಾನೂ ತಪ್ಪಿದ್ದೇನೆ. ಒಂದು ಗಾಡಿ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲವೆಂದು ಬಂದಾಗ ಸೆಲ್ಫ್ ಮೋಟಾರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಮತ್ತೆ ಸೆಲ್ಫ್ ಮೋಟಾರನ್ನೇ ಬಿಚ್ಚಿದೆ. ಬ್ಯಾಟರಿ ನಿಂತ ಗಾಡಿಯಲ್ಲಿ 12.6 ವೋಲ್ಟ್, ಓಡುವ ಗಾಡಿಯಲ್ಲಿ 14.2, ಎರಡೂ ಸರಿ. ಕೊನೆಗೆ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಇಟ್ಟು ಸೆಲ್ಫ್ ಹೊಡೆಸಿದಾಗ 1.4 ವೋಲ್ಟ್ ಬಂತು. ಅರ್ಧ ವೋಲ್ಟನ್ನೂ ಮುಟ್ಟಬಾರದ ಜಾಗವದು. ಅವೆರಡನ್ನೂ ಜೋಡಿಸುವ ಅರ್ಥಿಂಗ್ ಪಟ್ಟಿ ಹೊರಗಿನಿಂದ ಚೆನ್ನಾಗಿ ಕಾಣುತ್ತಿತ್ತು, ಬೋಲ್ಟಿನ ಕೆಳಗೆ ಹಸಿರುಗಟ್ಟಿ ತಿಂದುಹೋಗಿತ್ತು. ಆ ಗಿರಾಕಿಗೆ ಎರಡು ಮೋಟಾರುಗಳ ಕೂಲಿಯನ್ನು ಹಿಂದಿರುಗಿಸಿದೆ.

ಥರ್ಮೋಸ್ಟಾಟ್ ವಿಷಯ. ನಡುದಾರಿಯಲ್ಲಿ ಅದು ಮುಚ್ಚಿದಂತೆಯೇ ಸಿಕ್ಕಿಕೊಂಡು, ಹೊಸದು ಸಿಗದಿದ್ದಾಗ, ತೆಗೆದು ಗಾಡಿಯನ್ನು ಮನೆಗೆ ಮುಟ್ಟಿಸುವುದು ತಪ್ಪಲ್ಲ.

ಎರಡನೆಯ ಉತ್ತರ ಬರೆದವರು

ಮನೆಗೆ ಮುಟ್ಟಿಸಲು ತೆಗೆದದ್ದನ್ನು ಮರುದಿನ ಹಾಕುವವರು ಎಷ್ಟು ಜನ, ಸ್ವಾಮಿ? ನನ್ನ ಗಾಡಿ ಗ್ಯಾರೇಜಿನಲ್ಲೇ ನಿಂತಿತ್ತು, ನಡುದಾರಿಯಲ್ಲಲ್ಲ. ಹುಡುಕುವುದಕ್ಕೆ ಕೂಲಿ ಕೊಡಲು ನಾನು ಸಿದ್ಧನಿದ್ದೆ, ಕೇಳಿಯೂ ಇದ್ದೆ. ರೇಡಿಯೇಟರಿನ ಬಾಯಿಗೆ ಇಡುವ ಆ ನೀಲಿ ದ್ರಾವಣದ ಪರೀಕ್ಷೆಗೆ ಅರ್ಧ ಗಂಟೆಯೂ ಬೇಕಿರಲಿಲ್ಲ. ಎಂಜಿನಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ, ಮುಗಿಯಿತು. ನಮ್ಮಲ್ಲಿ ಅದಿಲ್ಲ, ಕೈಯ ಅನುಭವ ಸಾಕು ಎಂದರು. ಆ ಅನುಭವದ ಬೆಲೆಯನ್ನು ನಾನು ಕಟ್ಟಿದ್ದೇನೆ.

ನಾಲ್ಕನೆಯ ಉತ್ತರ ಬರೆದವರು

ನಿಮ್ಮ ಕೆಲಸ ಮಾಡಿದವರು ತಪ್ಪು ಮಾಡಿದ್ದಾರೆ, ಹಳೆಯ ಬೋಲ್ಟ್ ಬಿಗಿದದ್ದಂತೂ ಕ್ಷಮಿಸುವಂಥದ್ದಲ್ಲ. ಆದರೆ ಗ್ಯಾಸ್ಕೆಟ್ ಮಾತು ಬಂದ ದಿನವೇ ಮಾರಿ ಎಂದು ಊರಿಗೆಲ್ಲ ಹೇಳಬೇಡಿ. ಸಾಲಿನಲ್ಲಿ ನಿಂತಾಗ ಬಿಸಿಯಾಗಿ, ವೇಗದಲ್ಲಿ ಇಳಿಯುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಫ್ಯಾನ್, ಅದರ ರಿಲೇ. ವೇಗದಲ್ಲಿ ಓಡುವಾಗ ಬಿಸಿಯಾಗುವುದಾದರೆ ಕಟ್ಟಿಕೊಂಡ ರೇಡಿಯೇಟರ್. ಆಯಿಲ್ ಮುಚ್ಚಳದ ಕೆಳಗೆ ಹಾಲಿನಂಥ ಕೆನೆ ಕಂಡರೂ ಗ್ಯಾಸ್ಕೆಟ್ಟೇ ಎಂದು ಹೇಳಲಾಗದು. ಬರೀ ಹತ್ತಿರದ ಓಡಾಟದ ಗಾಡಿಯಲ್ಲಿ ತೇವ ಕಟ್ಟಿಯೂ ಹಾಗಾಗುತ್ತದೆ. ಆ ಕೆನೆ ನೋಡಿ ಹೆದರಿ ಒಳ್ಳೆಯ ಗಾಡಿಗಳನ್ನು ಮಾರಿದವರನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಮತ್ತೆ ನಿಂತಿತು. ಕೀ ಆನ್ ಮಾಡಿದಾಗ ಹಿಂಬದಿಯಲ್ಲಿ ಪಂಪಿನ ಸದ್ದು ಎರಡು ಸೆಕೆಂಡ್ ಕೇಳಿಸಿತು. ಸೆಲ್ಫ್ ಹೊಡೆದಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಗೇರ್‌ಬಾಕ್ಸ್ ಹತ್ತಿರವಿರುವ ಸೆನ್ಸರಿನ ಮೇಲೆ ಒಂದು ಬಾಟಲಿ ತಣ್ಣೀರು ಸುರಿದೆ. ಎರಡು ನಿಮಿಷಕ್ಕೆ ಸ್ಟಾರ್ಟ್ ಆಯಿತು.

ಒಂದನೆಯ ಉತ್ತರ ಬರೆದವರು

ಇದನ್ನೇ ನಾನು ಮೊದಲ ದಿನ ಬರೆದದ್ದು. ದಯವಿಟ್ಟು ಅಸಲಿ ಭಾಗವನ್ನೇ ಹಾಕಿಸಿ. ನಾನು ಮೊದಲು ಹಾಕಿಸಿದ ಅಗ್ಗದ ಸೆನ್ಸರ್ ನಲವತ್ತು ದಿನಕ್ಕೆ ಕೈಕೊಟ್ಟಿತು, ಅದು ಹದಿನೇಳನೆಯ ಸಲ.

ನಾಲ್ಕನೆಯ ಉತ್ತರ ಬರೆದವರು

ಸೆನ್ಸರ್ ಕೊಳ್ಳುವ ಮುನ್ನ ಅದರ ಕನೆಕ್ಟರನ್ನು ಕಿತ್ತು ನೋಡಿ, ತಂತಿ ಸೈಲೆನ್ಸರ್ ಪೈಪಿನ ಪಕ್ಕ ಹಾದುಹೋಗುವ ಕಡೆ ಹೊದಿಕೆ ಸುಟ್ಟಿದೆಯೇ ನೋಡಿ. ತಣ್ಣೀರು ತಂತಿಯನ್ನೂ ತಣಿಸುತ್ತದೆ.

ಎರಡನೆಯ ಉತ್ತರ ಬರೆದವರು

ಸೆನ್ಸರ್ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಆ ಮುಳ್ಳು ಅರ್ಧಕ್ಕಿಂತ ಮೇಲೆ ಏಕಿದೆ ಎಂಬುದಕ್ಕೆ ಇಲ್ಲಿ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಪ್ರಶ್ನೆ ಕೇಳಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತಂತಿ ಚೆನ್ನಾಗಿತ್ತು, ಕನೆಕ್ಟರ್ ಒಣಗಿತ್ತು. ಅಸಲಿ ಸೆನ್ಸರನ್ನೇ ಹಾಕಿಸಿದೆ. ಆಮೇಲೆ ಎರಡೂವರೆ ಗಂಟೆ ಸಾಲಿನಲ್ಲಿ ನಿಂತರೂ ಎಂಜಿನ್ ಆಫ್ ಆಗಿಲ್ಲ. ಫ್ಯಾನ್ ತಿರುಗುತ್ತಿದೆ, ಆದರೆ ತಡವಾಗಿ; ಅಷ್ಟರಲ್ಲಿ ಸ್ಕ್ಯಾನರ್ 104 ಡಿಗ್ರಿ ತೋರಿಸುತ್ತದೆ. ಕೂಲಂಟ್ ಮಟ್ಟಕ್ಕೆ ಗೆರೆ ಹಾಕಿಟ್ಟಿದ್ದೆ, ಇಳಿದಿಲ್ಲ. ಆದರೂ ಶನಿವಾರ ಆ ನೀಲಿ ದ್ರಾವಣದ ಪರೀಕ್ಷೆ ಮಾಡಿಸುತ್ತಿದ್ದೇನೆ. ಏನೂ ಬದಲಿಸದೆ ನೋಡುವುದಕ್ಕಷ್ಟೇ ಕೂಲಿ ಕೊಡುತ್ತೇನೆಂದು ಗ್ಯಾರೇಜಿನವರಿಗೆ ಮೊದಲೇ ಹೇಳಿದ್ದೇನೆ.