ಮಾಂಟ್‌ಗಮರಿ ತೀರ್ಪು: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಧರ ಚಿಕ್ಕಪ್ಪ: ಮಾಂಟ್‌ಗಮರಿ ತೀರ್ಪಿನ ಬಗ್ಗೆ ನಾನು ಗುಂಪಿಗೆ ಕಳುಹಿಸಿದ ಲೇಖನವನ್ನು ಎಲ್ಲರೂ ಪೂರ್ತಿ ಓದಿ. 1999ರಲ್ಲಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್‌ನಲ್ಲಿ ಹೆರಿಗೆಯ ವೇಳೆ ಮಗುವಿನ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡು, ದೇಹ ಹೊರಬರಲು 12 ನಿಮಿಷ ಹಿಡಿಯಿತು. ಆಮ್ಲಜನಕದ ಕೊರತೆಯಿಂದ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲುಗಳ ಚಲನೆ ಹಿಡಿತ ತಪ್ಪುವ ಸ್ಥಿತಿ) ಉಂಟಾಯಿತು. ಕೆಳಗಿನ ನ್ಯಾಯಾಲಯಗಳಲ್ಲಿ ಎರಡು ಹಂತಗಳಲ್ಲಿ ಸೋತ ತಾಯಿ ನಡೀನ್ ಮಾಂಟ್‌ಗಮರಿ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು, 52.5 ಲಕ್ಷ ಪೌಂಡ್ ಪರಿಹಾರ ದೊರೆಯಿತು. ಹೆರಿಗೆ ಮಾಡಿಸುವವರ ನಿರ್ಲಕ್ಷ್ಯಕ್ಕೆ ಇದು ತಕ್ಕ ಉತ್ತರ.

ವಸುಧಾ: ಚಿಕ್ಕಪ್ಪ, ಹೆರಿಗೆ ಕೋಣೆಯಲ್ಲಿ ಯಾರ ಕೈ ತಪ್ಪಿತು ಎಂಬುದರ ಮೇಲೆ ಆ ತೀರ್ಪು ನಿಂತಿಲ್ಲ. ತಾಯಿಗೆ ಸಕ್ಕರೆ ಕಾಯಿಲೆಯಿತ್ತು, ಎತ್ತರ ಕಡಿಮೆ. ಸಕ್ಕರೆ ಕಾಯಿಲೆಯಿರುವ ತಾಯಂದಿರಲ್ಲಿ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಶೇ. 9ರಿಂದ 10. ಇದನ್ನು ಮೊದಲೇ ಹೇಳಲಿಲ್ಲ ಎಂಬುದೇ ಅಲ್ಲಿಯ ಆರೋಪ. ಆದರೆ ಭುಜ ಸಿಕ್ಕಿಕೊಂಡರೂ ತಾಯಿಯ ಮೊಣಕಾಲುಗಳನ್ನು ಹೊಟ್ಟೆಯತ್ತ ಮಡಚಿ ಹಿಡಿಸಿದರೆ ಹೆಚ್ಚಿನ ಮಕ್ಕಳು ಹೊರಬರುತ್ತವೆ. ಹೊಕ್ಕುಳಬಳ್ಳಿ ಒತ್ತಿ ಮಿದುಳಿಗೆ ಹಾನಿಯಾಗುವುದು ಅಂಥ ಪ್ರಕರಣಗಳಲ್ಲೂ ಶೇ. 0.1ಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಾಧ್ಯತೆಯನ್ನು ಹೇಳಿ, ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಯತ್ತ ಎಲ್ಲರನ್ನೂ ತಳ್ಳಬೇಕೇ?

ಸುಮಂಗಲಾ ಅತ್ತೆ: ವಸುಧಾ, 0.1 ನಿಮ್ಮಂಥ ವೈದ್ಯರ ಲೆಕ್ಕ. ಹತ್ತರಲ್ಲಿ ಒಂದು ಎಂಬುದು ಹೆರುವವಳ ಲೆಕ್ಕ. ಮಗು ದೊಡ್ಡದಾಗಿದೆ, ನನ್ನಿಂದ ಆಗುತ್ತದೆಯೇ ಎಂದು ಆಕೆ ಆತಂಕ ತೋಡಿಕೊಂಡಿದ್ದರು ಎಂದು ಅದೇ ಲೇಖನದಲ್ಲಿದೆ.

ವಸುಧಾ: ಆದರೆ ನಿರ್ದಿಷ್ಟ ಅಪಾಯಗಳೇನೆಂದು ಕೇಳಿರಲಿಲ್ಲ, ಅತ್ತೆ.

ಶ್ರೀಧರ ಚಿಕ್ಕಪ್ಪ: ಅಪಾಯವಿದೆಯೆಂದೇ ತಿಳಿಯದವಳು ಅದರ ಹೆಸರು ಹಿಡಿದು ಹೇಗೆ ಕೇಳಿಯಾಳು? ನ್ಯಾಯಪೀಠವೂ ಈ ವಾದವನ್ನು ಒಪ್ಪಲಿಲ್ಲ. ಜವಾಬ್ದಾರಿಯುತ ವೈದ್ಯರ ಒಂದು ವರ್ಗ ಹೀಗೆಯೇ ಮಾಡುತ್ತದೆ ಎಂದು ತೋರಿಸಿದರೆ ಸಾಕು ಎಂಬ 1957ರ ಬೋಲಮ್ ಮಾನದಂಡ ಚಿಕಿತ್ಸೆಯ ವಿಷಯದಲ್ಲಿ ಈಗಲೂ ಇದೆ. ಸಲಹೆಗೆ ಅದು ಸಲ್ಲದು. ಆ ರೋಗಿಯ ಸ್ಥಾನದಲ್ಲಿರುವ ವ್ಯಕ್ತಿ ಯಾವುದನ್ನು ಮುಖ್ಯವೆಂದು ಭಾವಿಸುತ್ತಾರೋ ಅದನ್ನು, ಬೇರೆ ದಾರಿಗಳ ಸಮೇತ, ತಿಳಿಸಲೇಬೇಕು.

ವಸುಧಾ: ಸರಿ, ಆದರೆ ಮಗುವಿಗೆ ಆದದ್ದನ್ನು ಕಣ್ಣಾರೆ ಕಂಡ ಮೇಲೆ, ಹೇಳಿದ್ದರೆ ಸಿಸೇರಿಯನ್ ಕೇಳುತ್ತಿದ್ದೆ ಎಂದು ಯಾವ ತಾಯಿ ಹೇಳುವುದಿಲ್ಲ? ಪರಿಹಾರಕ್ಕೆ ಕಾರಣ-ಪರಿಣಾಮದ ಸಂಬಂಧ ಸಾಬೀತಾಗಬೇಕಲ್ಲವೇ? ಕೆಳಗಿನ ನ್ಯಾಯಾಲಯ ಸಂದೇಹಪಟ್ಟದ್ದು ಅಲ್ಲಿಯೇ.

ಶ್ರೀಧರ ಚಿಕ್ಕಪ್ಪ: ಒಳ್ಳೆಯ ಪ್ರಶ್ನೆ, ಇಡೀ ದಾವೆ ತೂಗಿದ್ದು ಈ ಎಳೆಯ ಮೇಲೆ. ಆ ತಾಯಿಯನ್ನು ನೋಡಿಕೊಂಡ ವೈದ್ಯೆಯೇ ಸಾಕ್ಷ್ಯ ನುಡಿಯುವಾಗ, ಈ ಅಪಾಯ ತಿಳಿಸಿದರೆ ಹೆಂಗಸರು ಸಿಸೇರಿಯನ್ನೇ ಕೇಳುತ್ತಾರೆ, ಆದ್ದರಿಂದ ಹೇಳುವುದಿಲ್ಲ ಎಂದಿದ್ದರು. ತಿಳಿಸಿದ್ದರೆ ಈ ತಾಯಿ ಏನು ಆರಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ?

ವಸುಧಾ: ಅದನ್ನು ಅಲ್ಲಗಳೆಯಲಾರೆ. ನನ್ನ ಆತಂಕ ಬೇರೆ: ಇಂಥ ತೀರ್ಪಿನ ಭಯಕ್ಕೆ ಆಸ್ಪತ್ರೆಗಳು ಹತ್ತು ಪುಟದ ಒಪ್ಪಿಗೆ ಪತ್ರಕ್ಕೆ ನೋವಿನ ನಡುವೆ ಸಹಿ ಹಾಕಿಸಿಕೊಂಡು ಕೈತೊಳೆದುಕೊಳ್ಳುತ್ತವೆ.

ಶ್ರೀಧರ ಚಿಕ್ಕಪ್ಪ: ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಕರ್ತವ್ಯ ಮುಗಿಯದು, ಅರ್ಥವಾಗದ ಮಾಹಿತಿ ಸುರಿಯುವುದೂ ಸಲಹೆಯಲ್ಲ ಎಂದು ತೀರ್ಪಿನಲ್ಲೇ ಇದೆಯಮ್ಮ.

ಸುಮಂಗಲಾ ಅತ್ತೆ: ಹಾಗಾದರೆ ನೋವು ಶುರುವಾಗುವ ಮುಂಚೆ, ತಪಾಸಣೆಗೆ ಹೋದಾಗಲೇ ಕೂರಿಸಿಕೊಂಡು ಹೇಳಬೇಕು. ಅದಕ್ಕೆ ಬೇಕಾದಷ್ಟು ಸಮಯ ನಿಮಗೆ ಸಿಗುತ್ತದೆಯೇ, ವಸುಧಾ?